ಅಂಗೈಯಗಲದ ಮರಿ ತರುವ ಮುನ್ನ ಅದರ ತಾಯಿಯನ್ನು ನೋಡಿ

ಪ್ರಶ್ನೆ: ನಾವಿರುವುದು ದಾವಣಗೆರೆಯ ವಿದ್ಯಾನಗರದಲ್ಲಿ. ಹತ್ತು ವರ್ಷದ ಮಗಳು ಸಣ್ಣ ಜಾತಿಯ ನಾಯಿಮರಿ ಬೇಕೆಂದು ಹಟ ಹಿಡಿದಿದ್ದಾಳೆ. ಬೆಂಗಳೂರಿನ ಬ್ರೀಡರ್ ಒಬ್ಬರು ವಾಟ್ಸ್‌ಆ್ಯಪ್‌ನಲ್ಲಿ ‘ಟೀಕಪ್ ಪಾಮೇರಿಯನ್’ ಮರಿಯ ವಿಡಿಯೊ ಕಳಿಸಿದ್ದಾರೆ. ಮರಿಗೆ 35 ದಿನವಂತೆ. ‘ಎರಡು ಇಂಜೆಕ್ಷನ್ ಆಗಿದೆ, ಕೆಸಿಐ ಪೇಪರ್ ಇದೆ, ಅರ್ಧ ದುಡ್ಡು ಹಾಕಿ, ರಾತ್ರಿ ಬಸ್ಸಿಗೆ ಬುಟ್ಟಿಯಲ್ಲಿಟ್ಟು ಕಳಿಸ್ತೀನಿ’ ಅನ್ನುತ್ತಿದ್ದಾರೆ. ಸಣ್ಣ ನಾಯಿಗಳಿಗೆ ಕಾಯಿಲೆ ಜಾಸ್ತಿ ಎಂದು ಪಕ್ಕದ ಮನೆಯವರು ಹೆದರಿಸುತ್ತಾರೆ. ಏನೇನು ನೋಡಿ ತರಬೇಕು?

ಉತ್ತರ: ಸದ್ಯಕ್ಕೆ ಹಣ ಹಾಕಬೇಡಿ. ಆ ಬ್ರೀಡರ್ ಹೇಳಿದ ಒಂದೊಂದು ಮಾತನ್ನೂ ಬಿಡಿಸಿ ನೋಡೋಣ.

ಮೊದಲು ವಯಸ್ಸು. ನಾಯಿ ತಳಿ ಬೆಳೆಸುವವರಿಗೆ, ಮಾರುವವರಿಗೆ ಕೇಂದ್ರ ಸರ್ಕಾರ 2017ರಲ್ಲಿ ನಿಯಮಗಳನ್ನು ತಂದಿದೆ. ಅದರ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ನಿಮಗೆ ತೋರಿಸಿದ ಮರಿಗೆ ಐದೇ ವಾರ. ಈ ವಯಸ್ಸಿನಲ್ಲಿ ಅದಿನ್ನೂ ತಾಯಿಯ ಮೊಲೆ ಬಿಟ್ಟಿರುವುದಿಲ್ಲ. ಒಡಹುಟ್ಟಿದವರ ಜೊತೆ ಕಚ್ಚಾಡುತ್ತಾ, ಎಷ್ಟು ಕಚ್ಚಿದರೆ ನೋವಾಗುತ್ತದೆ ಎಂದು ಕಲಿಯುವುದೂ ಐದರಿಂದ ಎಂಟನೇ ವಾರದ ನಡುವೆಯೇ. ಆ ಮೂರು ವಾರ ತಪ್ಪಿಸಿಕೊಂಡ ಮರಿ ಮುಂದೆ ಸಿಕ್ಕಿದ್ದನ್ನೆಲ್ಲ ಕಚ್ಚುವ, ಸಣ್ಣ ಸದ್ದಿಗೂ ಬೆಚ್ಚುವ ನಾಯಿಯಾಗುವ ಸಂಭವ ಹೆಚ್ಚು.

ಪಾಮೇರಿಯನ್, ಚಿವಾವಾ, ಮಾಲ್ಟೀಸ್‌ನಂಥ ಪುಟಾಣಿ ತಳಿಗಳಲ್ಲಿ ಇದಕ್ಕಿಂತ ಗಂಭೀರವಾದ ಕಾರಣವೊಂದಿದೆ. ಅರ್ಧ ಕಿಲೊ ಆಸುಪಾಸಿನ ಮರಿಯ ಲಿವರ್‌ನಲ್ಲಿ ಸಕ್ಕರೆಯ ದಾಸ್ತಾನು ತೀರಾ ಕಡಿಮೆ, ಮೈಯಲ್ಲಿ ಮಾಂಸಖಂಡವೂ ಇಲ್ಲ. ಕೆಲವು ಗಂಟೆ ಹೊಟ್ಟೆಗೆ ಬೀಳದಿದ್ದರೆ, ಚಳಿ ತಾಗಿದರೆ, ಹೆದರಿದರೆ ರಕ್ತದ ಸಕ್ಕರೆ ದಿಢೀರನೆ ಕುಸಿಯುತ್ತದೆ. ಮರಿ ಮಂಕಾಗುತ್ತದೆ, ತೂರಾಡುತ್ತದೆ, ಒಸಡು ಬಿಳಿಚಿಕೊಳ್ಳುತ್ತದೆ, ಆಮೇಲೆ ಫಿಟ್ಸ್ ಬರುತ್ತದೆ. ಬೆಂಗಳೂರಿನಿಂದ ದಾವಣಗೆರೆಗೆ ಸುಮಾರು 260 ಕಿಲೊಮೀಟರ್. ರಾತ್ರಿಯಿಡೀ ತಾಯಿಯ ಬಿಸಿಯಿಲ್ಲದೆ, ಹಾಲಿಲ್ಲದೆ, ಇಂಜಿನ್ ಸದ್ದಿನಲ್ಲಿ ಬುಟ್ಟಿಯೊಳಗೆ ಬರುವ ಐದು ವಾರದ ಮರಿಗೆ ಈ ಕಾರಣಗಳೆಲ್ಲ ಒಟ್ಟಿಗೇ ಕೂಡಿಬರುತ್ತವೆ. ಬೆಳಿಗ್ಗೆ ಬಸ್ ಸ್ಟ್ಯಾಂಡ್‌ನಲ್ಲಿ ಬುಟ್ಟಿ ತೆರೆದಾಗ ಮರಿ ಉಸಿರಾಡುತ್ತಿರುತ್ತದೆ ಎಂದು ಯಾರೂ ಖಾತ್ರಿ ಕೊಡಲಾರರು. ನಾಯಿಯನ್ನು ಸಾಗಿಸಲು ಪಶುವೈದ್ಯರ ಆರೋಗ್ಯ ಪ್ರಮಾಣಪತ್ರ ಬೇಕು ಎಂಬ ನಿಯಮ 1978ರಿಂದಲೂ ಇದೆ; ಬುಟ್ಟಿಯಲ್ಲಿ ಕಳಿಸುವವರು ಅದರ ಮಾತನ್ನೇ ಎತ್ತುವುದಿಲ್ಲ.

ಇನ್ನು ‘ಟೀಕಪ್’. ಹಾಗೊಂದು ತಳಿಯನ್ನು ಯಾವ ಕೆನೆಲ್ ಕ್ಲಬ್ಬೂ ಒಪ್ಪಿಲ್ಲ. ನಿಜವಾದ ಪಾಮೇರಿಯನ್ ಬೆಳೆದ ಮೇಲೂ ಎರಡು–ಮೂರು ಕಿಲೊ ಅಷ್ಟೇ ತೂಗುತ್ತದೆ, ಅದೇ ಸಾಕಷ್ಟು ಸಣ್ಣದು. ಅದಕ್ಕಿಂತ ಸಣ್ಣದು ಬೇಕೆಂದರೆ ಸೂಲಿನಲ್ಲಿ ಸೊರಗಿ ಹುಟ್ಟಿದ ಮರಿಗಳನ್ನು ಸೊರಗಿದ ಮರಿಗಳಿಗೇ ಕೂಡಿಸಬೇಕು, ಇಲ್ಲವೇ ಹೊಟ್ಟೆಗೆ ಕಡಿಮೆ ಹಾಕಬೇಕು, ಅದೂ ಅಲ್ಲದಿದ್ದರೆ ವಯಸ್ಸು ಸುಳ್ಳು ಹೇಳಬೇಕು. ಹೀಗೆ ಬಂದ ಮರಿಗಳಲ್ಲಿ ನೆತ್ತಿ ಕೂಡದಿರುವುದು, ಮಿದುಳಿನಲ್ಲಿ ನೀರು ತುಂಬುವುದು, ಕರುಳಿನ ರಕ್ತ ಲಿವರ್‌ಗೆ ಹೋಗದೆ ಅಡ್ಡದಾರಿ ಹಿಡಿಯುವ ಹುಟ್ಟುದೋಷ, ಹೃದಯದ ದೋಷಗಳ ಭಯ ಇದ್ದೇ ಇರುತ್ತದೆ. ಮುಂಗಾಲಿನ ಮೂಳೆ ಪೆನ್ಸಿಲ್‌ನಷ್ಟು ತೆಳ್ಳಗಿರುತ್ತದೆ; ಸೋಫಾದಿಂದ ಹಾರಿದರೂ ಮುರಿಯುತ್ತದೆ, ಪುಟಾಣಿ ತಳಿಗಳಲ್ಲಿ ಅದು ಕೂಡುವುದೂ ನಿಧಾನ. ಮನೆಯಲ್ಲಿ ಹತ್ತು ವರ್ಷದ ಮಗುವಿದೆ. ಯಾವ ಸಣ್ಣ ಮರಿ ತಂದರೂ ಮಗಳು ನೆಲದ ಮೇಲೆ ಕೂತೇ ಅದನ್ನು ತೊಡೆಗೇರಿಸಿಕೊಳ್ಳಲಿ, ಎತ್ತಿಕೊಂಡು ಓಡಾಡುವುದು ಬೇಡ.

ಪಾಮೇರಿಯನ್ ಎಂದು ನಮ್ಮೂರುಗಳಲ್ಲಿ ವರ್ಷಗಟ್ಟಲೆ ಸಾಕಿಕೊಂಡು ಬಂದ ಬಿಳಿ ನಾಯಿಗಳಲ್ಲಿ ಹೆಚ್ಚಿನವು ಇಂಡಿಯನ್ ಸ್ಪಿಟ್ಜ್. ಐದರಿಂದ ಏಳು ಕಿಲೊ ತೂಗುವ, ಉದ್ದ ಮೂತಿಯ, ಚುರುಕು ನಾಯಿ. ಅದನ್ನು ಪಾಮೇರಿಯನ್ ಬೆಲೆಗೆ ಮಾರುವುದು ಮೋಸವೇ ಸರಿ. ಆದರೆ ನಾಯಿ ಮಾತ್ರ ಗಟ್ಟಿ. ದಾವಣಗೆರೆಯ ಬಿಸಿಲಿಗೆ ಹೊಂದಿಕೊಳ್ಳುತ್ತದೆ, ಮಕ್ಕಳ ಕೈಯಲ್ಲೂ ಬಾಳುತ್ತದೆ. ನನ್ನನ್ನು ಕೇಳಿದರೆ ನಿಮ್ಮ ಮನೆಗೆ ಅದೇ ಸರಿ ಅನ್ನುತ್ತೇನೆ.

‘ಎರಡು ಇಂಜೆಕ್ಷನ್ ಆಗಿದೆ’ ಎಂಬ ಮಾತನ್ನು ನಂಬುವುದು ಕಷ್ಟ. ತಾಯಿಯ ಮೊದಲ ಹಾಲಿನಿಂದ ಬಂದ ರೋಗನಿರೋಧಕ ಶಕ್ತಿ ಮರಿಯ ಮೈಯಲ್ಲಿ ಇರುವಷ್ಟು ದಿನ ಲಸಿಕೆಯನ್ನು ಕೆಲಸ ಮಾಡಗೊಡುವುದಿಲ್ಲ. ಅದು ಒಂದೊಂದು ಮರಿಯಲ್ಲಿ ಒಂದೊಂದು ದಿನ ಇಳಿಯುತ್ತದೆ. ಹಾಗಾಗಿಯೇ ಪಾರ್ವೋ, ಡಿಸ್ಟೆಂಪರ್ ಮುಂತಾದವುಗಳ ಲಸಿಕೆಯನ್ನು ಆರರಿಂದ ಎಂಟು ವಾರಕ್ಕೆ ಶುರು ಮಾಡಿ, ಮೂರು–ನಾಲ್ಕು ವಾರಕ್ಕೊಮ್ಮೆ ಕೊಡುತ್ತಾ, 16 ವಾರ ದಾಟುವವರೆಗೆ ಮುಂದುವರಿಸುತ್ತೇವೆ. ರೇಬಿಸ್ ಲಸಿಕೆ ಮೂರು ತಿಂಗಳಿಗೆ. 35 ದಿನಕ್ಕೆ ಎರಡು ಆಗಿವೆ ಅಂದರೆ ಒಂದೋ ಅದು ಲಸಿಕೆಯೇ ಅಲ್ಲ, ಇಲ್ಲವೇ ಲೆಕ್ಕಕ್ಕೆ ಬಾರದ್ದು. ಕಾರ್ಡ್ ಕೇಳಿ ನೋಡಿ. ಬಾಟಲಿಯ ಸ್ಟಿಕ್ಕರ್, ಬ್ಯಾಚ್ ನಂಬರ್, ತಾರೀಕು, ಪಶುವೈದ್ಯರ ಸಹಿ ಮತ್ತು ನೋಂದಣಿ ಸಂಖ್ಯೆ ಇರಬೇಕು. ಬರೀ ಪೆನ್ನಿನಲ್ಲಿ ಟಿಕ್ ಹಾಕಿದ ಕಾರ್ಡಿಗೆ ಬೆಲೆಯಿಲ್ಲ.

ಕೆಸಿಐ ಪತ್ರ, ಅಂದರೆ ಕೆನೆಲ್ ಕ್ಲಬ್ ಆಫ್ ಇಂಡಿಯಾ ಕೊಡುವ ಪತ್ರ, ವಂಶದ ದಾಖಲೆ. ಅಪ್ಪ ಅಮ್ಮ ಯಾರು ಎಂದು ಹೇಳುತ್ತದೆ. ಮರಿಯ ಮೊಣಕಾಲು, ಹೃದಯ ಸರಿಯಿದೆಯೇ ಎಂದು ಹೇಳುವುದಿಲ್ಲ.

ಹಾಗಾದರೆ ಏನು ನೋಡಬೇಕು? ತಾಯಿಯನ್ನು. ಈ ಉತ್ತರದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಮರಿ ಹುಟ್ಟಿದ ಜಾಗಕ್ಕೆ ಹಗಲು ಹೊತ್ತಿನಲ್ಲಿ ನೀವೇ ಹೋಗಿ, ತಾಯಿಯ ಜೊತೆ ಅರ್ಧ ಗಂಟೆ ಕೂತುಕೊಳ್ಳಿ. ಅದು ಹತ್ತಿರ ಬರುತ್ತದೋ, ಮೂಲೆಗೆ ಸರಿದು ನಡುಗುತ್ತದೋ? ನಡೆಯುವಾಗ ನಡುನಡುವೆ ಹಿಂಗಾಲೆತ್ತಿ ಕುಪ್ಪಳಿಸಿದರೆ ಮೊಣಕಾಲಿನ ಚಿಪ್ಪು ಜಾರುತ್ತಿದೆ ಎಂದರ್ಥ. ಸಣ್ಣ ತಳಿಗಳಲ್ಲಿ ಇದು ವಂಶದಲ್ಲಿ ಇಳಿದು ಬರುತ್ತದೆ. ಖುಷಿಯಿಂದ ಜಿಗಿದಾಗ ಬಾತುಕೋಳಿ ಕೂಗಿದಂತೆ ಕೆಮ್ಮಿದರೆ ಶ್ವಾಸನಾಳ ಕುಸಿಯುವ ತೊಂದರೆ ಇರಬಹುದು. ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣ್ಣೆ ಇವೆಯೇ ನೋಡಿ. ನಮ್ಮ ಕಡೆ ಉಣ್ಣೆಯಿಂದ ಬರುವ ರಕ್ತದ ಕಾಯಿಲೆಗಳು ಸಾಮಾನ್ಯ. ತಾಯಿಗೆ ಎಷ್ಟು ವರ್ಷ, ಇದು ಎಷ್ಟನೇ ಸೂಲು ಎಂದು ಸಂಕೋಚವಿಲ್ಲದೆ ಕೇಳಿ. ನಿಯಮದ ಪ್ರಕಾರ 18 ತಿಂಗಳು ತುಂಬದ ಹೆಣ್ಣುನಾಯಿಗೆ ಗಂಡು ಕೂಡಿಸುವಂತಿಲ್ಲ, ವರ್ಷಕ್ಕೆ ಒಂದೇ ಸೂಲು, ಜೀವಮಾನಕ್ಕೆ ಐದೇ. ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯ ನೋಂದಣಿ ಪತ್ರ ಬ್ರೀಡರ್ ಬಳಿ ಇರಬೇಕು. ಗಂಡುನಾಯಿ ಅಲ್ಲಿ ಇಲ್ಲದಿರಬಹುದು, ಅದು ಸಹಜ. ತಾಯಿಯೇ ಇಲ್ಲ ಎಂದರೆ, ಹೈವೇ ಹೋಟೆಲಿನ ಬಳಿ ಬಂದು ಮರಿ ಕೊಡುತ್ತೇನೆ ಎಂದರೆ ವಾಪಸ್ ಬನ್ನಿ. ಸೂಲಿನ ಮೇಲೆ ಸೂಲು ಹಾಕಿಸಿ ಪಂಜರದಲ್ಲಿ ಸವೆಸಿದ ತಾಯಂದಿರನ್ನು ಯಾರೂ ಗಿರಾಕಿಗೆ ತೋರಿಸುವುದಿಲ್ಲ. ನೀವು ನೋಡದೆ ಕೊಟ್ಟ ಹಣ ಆ ತಾಯಿಯ ಮುಂದಿನ ಸೂಲಿಗೆ ಬಂಡವಾಳವಾಗುತ್ತದೆ.

ಮರಿಯನ್ನು ಎತ್ತಿಕೊಂಡಾಗ ನೆತ್ತಿಯನ್ನು ಬೆರಳಿನಿಂದ ಮೆಲ್ಲಗೆ ತಡವಿ, ಮೆತ್ತನೆಯ ತಗ್ಗು ಸಿಗುತ್ತದೆಯೇ ನೋಡಿ. ಹೊಕ್ಕುಳಲ್ಲಿ ಗಂಟು, ಬಾಲದ ಕೆಳಗೆ ಭೇದಿಯ ಕಲೆ, ಕಡ್ಡಿಯಂಥ ಮೈಗೆ ಉಬ್ಬಿದ ಹೊಟ್ಟೆ (ಇದು ಜಂತುಹುಳುವಿನ ಗುರುತು), ನೀರು ಸುರಿಯುವ ಕಣ್ಣು ಇದ್ದರೆ ತಡೆಯಿರಿ. ಬಾಯಿ ತೆರೆದು ನೋಡಿ: ಎಂಟು ವಾರದ ಹೊತ್ತಿಗೆ ಸಾಮಾನ್ಯವಾಗಿ 28 ಹಾಲುಹಲ್ಲುಗಳೂ ಬಂದಿರುತ್ತವೆ. ಪುಟಾಣಿ ತಳಿಗಳಲ್ಲಿ ತುಸು ತಡವಾಗಬಹುದು, ಆದರೆ ಬೆರಳೆಣಿಕೆಯ ಹಲ್ಲಿರುವ ಮರಿ ಎರಡು ತಿಂಗಳದ್ದಲ್ಲ. ಮನೆಗೆ ತಂದ ಎರಡು ದಿನದೊಳಗೆ ಪಶುವೈದ್ಯರಿಗೆ ತೋರಿಸುತ್ತೇವೆ, ಹುಟ್ಟುದೋಷ ಕಂಡರೆ ಮರಿ ವಾಪಸ್, ಹಣ ವಾಪಸ್ ಎಂದು ಕಾಗದದಲ್ಲಿ ಬರೆಸಿಕೊಳ್ಳಿ. ಒಳ್ಳೆಯ ಬ್ರೀಡರ್ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ನಿಮ್ಮನ್ನೇ ಹತ್ತು ಪ್ರಶ್ನೆ ಕೇಳುತ್ತಾರೆ.

ಮನೆಗೆ ಬಂದ ಮೇಲೆ ನಾಲ್ಕು ತಿಂಗಳವರೆಗೆ ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ ತಿನ್ನಿಸಿ. ಹಾಲು–ಬಿಸ್ಕತ್ತಿನ ಮೇಲೆ ಬೆಳೆಸಬೇಡಿ. ಮರಿ ತೂರಾಡಿದರೆ ಒಸಡಿಗೆ ಜೇನುತುಪ್ಪ ಅಥವಾ ಗ್ಲುಕೋಸ್ ಸವರಿ, ಬೆಚ್ಚಗೆ ಸುತ್ತಿ, ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ಎಚ್ಚರ ತಪ್ಪಿದ ಮರಿಯ ಬಾಯಿಗೆ ನೀರು ಸುರಿಯಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ. ಕೊರಳಪಟ್ಟಿಯ ಬದಲು ಎದೆಗೆ ಕಟ್ಟುವ ಹಾರ್ನೆಸ್ ಬಳಸಿ. ಮರಿಯ ಹಲ್ಲು ಮಗಳ ಕೈಗೆ ತಾಗಿ ರಕ್ತ ಬಂದರೆ ‘ಹಾಲುಹಲ್ಲು ತಾನೇ’ ಎಂದು ಬಿಡಬೇಡಿ. 15 ನಿಮಿಷ ಸೋಪು ಹಚ್ಚಿ ಹರಿಯುವ ನೀರಲ್ಲಿ ತೊಳೆದು, ಅದೇ ದಿನ ವೈದ್ಯರ ಬಳಿಗೆ ಕರೆದೊಯ್ಯಿರಿ.

ಪ್ರಶ್ನೆ: ಚಿತ್ರದುರ್ಗದವರು ನಾವು. ತಂದ ನಾಲ್ಕನೇ ದಿನಕ್ಕೆ ನಮ್ಮ ಶಿಟ್ಸು ಮರಿ ವಾಂತಿ, ರಕ್ತಭೇದಿ ಶುರುವಾಗಿ ಪಾರ್ವೋದಿಂದ ಸತ್ತುಹೋಯಿತು. ‘ನಿಮ್ಮ ಮನೆಯ ನೀರು ಆಗಲಿಲ್ಲ, ಬೇಕಾದರೆ ಇನ್ನೊಂದು ಮರಿ ಕೊಡುತ್ತೇನೆ’ ಎನ್ನುತ್ತಾರೆ ಮಾರಿದವರು. ತರಬಹುದೇ?

ಉತ್ತರ: ಮರಿ ಕಳೆದುಕೊಂಡ ನಿಮ್ಮ ಸಂಕಟ ಅರ್ಥವಾಗುತ್ತದೆ. ತಪ್ಪು ನಿಮ್ಮ ಮನೆಯ ನೀರಿನದಲ್ಲ. ಪಾರ್ವೋ ವೈರಸ್ ಮೈ ಸೇರಿ ಲಕ್ಷಣ ಕಾಣಿಸಲು ಸಾಮಾನ್ಯವಾಗಿ ಮೂರರಿಂದ ಏಳು ದಿನ, ಕೆಲವೊಮ್ಮೆ ಎರಡು ವಾರದವರೆಗೂ ಬೇಕು. ನಾಲ್ಕನೇ ದಿನ ಮಲಗಿದ ಮರಿ ಹುಟ್ಟಿದ ಜಾಗದಲ್ಲೋ ದಾರಿಯಲ್ಲೋ ಸೋಂಕು ಹತ್ತಿಸಿಕೊಂಡು ಬಂದಿರುವ ಸಾಧ್ಯತೆಯೇ ಹೆಚ್ಚು. ಅದೇ ಜಾಗದಿಂದ ಇನ್ನೊಂದು ಮರಿ ತರುವುದು ಬೇಡವೇ ಬೇಡ.

ಬೇರೆ ಕಡೆಯಿಂದಲೂ ಈಗಲೇ ಎಳೆಯ ಮರಿ ತರಬೇಡಿ. ಈ ವೈರಸ್ ನೆಲದಲ್ಲಿ, ಬಟ್ಟಲಲ್ಲಿ, ಚಪ್ಪಲಿಯಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ, ನೆರಳಿನ ಮಣ್ಣಿನಲ್ಲಿ ವರ್ಷದವರೆಗೂ ಉಳಿಯಬಹುದು. ಫಿನಾಯಿಲ್‌ಗೆ ಬಗ್ಗುವುದಿಲ್ಲ. ಮೊದಲು ಸೋಪುನೀರಿನಲ್ಲಿ ಕಸ, ಕಲೆ ಪೂರ್ತಿ ತೆಗೆಯಿರಿ. ಆಮೇಲೆ ಮನೆಯಲ್ಲಿ ಬಳಸುವ ಬ್ಲೀಚ್ ದ್ರಾವಣ ಒಂದು ಪಾಲಿಗೆ 30 ಪಾಲು ನೀರು ಬೆರೆಸಿ, ಹತ್ತು ನಿಮಿಷ ನೆಲ ಒದ್ದೆಯಾಗಿರುವಂತೆ ಬಿಟ್ಟು ತೊಳೆಯಿರಿ. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಜೊತೆ ಬ್ಲೀಚ್ ಬೆರೆಸಬಾರದು, ವಿಷಾನಿಲ ಏಳುತ್ತದೆ. ಮರಿ ಮಲಗಿದ ಚಾಪೆ, ಬಟ್ಟೆ, ಆಟಿಕೆ ಸುಟ್ಟುಬಿಡಿ. ಅಂಗಳದ ಮಣ್ಣನ್ನು ಹೀಗೆ ಶುದ್ಧ ಮಾಡಲಾಗದು. ಅದಕ್ಕೇ ಮುಂದೆ ತರುವ ನಾಯಿ 16 ವಾರ ದಾಟಿ, ಕೊನೆಯ ಡೋಸ್ ಆಗಿ ಎರಡು ವಾರ ಕಳೆದಿರಲಿ. ಬೆಳೆದ ನಾಯಿಯನ್ನು ದತ್ತು ತೆಗೆದುಕೊಂಡರೆ ಇನ್ನೂ ಒಳ್ಳೆಯದು. ಮನುಷ್ಯರಿಗೆ ಇದು ಹರಡುವುದಿಲ್ಲ, ಮಕ್ಕಳ ಬಗ್ಗೆ ಆ ಭಯ ಬೇಡ.

ಕೊಟ್ಟ ಹಣದ ವಿಷಯ. ಫೋನ್‌ಪೇ ರಸೀದಿ, ಚಾಟ್, ಆಸ್ಪತ್ರೆಯ ಚೀಟಿ, ಪರೀಕ್ಷೆಯ ವರದಿ ಎಲ್ಲ ಜೋಡಿಸಿಕೊಂಡು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಮರಿಗೆ ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಸಲಹೆಗೆ 1915ಕ್ಕೆ ಕರೆ ಮಾಡಿ. ನಿಮ್ಮಂತೆ ಮರಿ ಕಳೆದುಕೊಂಡವರಲ್ಲಿ ಹೆಚ್ಚಿನವರು ಸುಮ್ಮನಾಗುತ್ತಾರೆ. ನೀವು ಸುಮ್ಮನಾಗಬೇಡಿ.

ಪ್ರಶ್ನೆ: ಚಳ್ಳಕೆರೆಯಲ್ಲಿ ನಮ್ಮದು ಶೀಟಿನ ಮನೆ. ಪಗ್ ಮರಿಗೆ ಅಡ್ವಾನ್ಸ್ ಕೊಟ್ಟಾಗಿದೆ. ಬೇಸಿಗೆಯಲ್ಲಿ ಏನು ಎಚ್ಚರಿಕೆ ಬೇಕು?

ಉತ್ತರ: ಅಡ್ವಾನ್ಸ್ ಹೋದರೂ ಚಿಂತೆಯಿಲ್ಲ, ಪಗ್ ಬೇಡ ಎನ್ನುವುದು ನನ್ನ ಅಭಿಪ್ರಾಯ. ನಾಯಿ ಮನುಷ್ಯರಂತೆ ಮೈತುಂಬ ಬೆವರುವುದಿಲ್ಲ, ನಾಲಿಗೆ ಚಾಚಿ ತೇಕುತ್ತಾ ಮೈ ತಂಪು ಮಾಡಿಕೊಳ್ಳುತ್ತದೆ. ಪಗ್‌ನ ಮೂತಿ ಚಪ್ಪಟೆ, ಮೂಗಿನ ಹೊಳ್ಳೆ ಕಿರಿದು, ಗಂಟಲೊಳಗಿನ ಮೆತ್ತನೆಯ ಅಂಗಳ ಉದ್ದ. ಗಾಳಿ ಹೋಗಲು ದಾರಿಯೇ ಇಲ್ಲ. ಅದರ ಗೊರಕೆಯನ್ನು ಮುದ್ದು ಎಂದುಕೊಳ್ಳುತ್ತೇವೆ, ಅದು ಉಸಿರಿಗಾಗಿ ಪಡುವ ಪಾಡು. ಏಪ್ರಿಲ್–ಮೇ ತಿಂಗಳಲ್ಲಿ ಚಳ್ಳಕೆರೆಯ ಶೀಟಿನ ಕೆಳಗೆ ಮನುಷ್ಯರಿಗೇ ಕೂರಲಾಗದು. ಉದ್ದ ಮೂತಿಯ, ಸಣ್ಣ ಕೂದಲಿನ ಊರನಾಯಿಯ ಮರಿ ಅಲ್ಲಿ ಆರಾಮವಾಗಿರುತ್ತದೆ.

ತಂದೇ ತರುತ್ತೇವೆ ಎಂದಾದರೆ, ಹೊಳ್ಳೆ ಅಗಲವಾಗಿ ತೆರೆದಿರುವ, ಆಡಿ ಬಂದ ಮೇಲೂ ಸದ್ದಿಲ್ಲದೆ ಉಸಿರಾಡುವ ಮರಿಯನ್ನು ಆರಿಸಿ. ತಾಯಿಯ ಹೊಳ್ಳೆಯನ್ನೂ ನೋಡಿ. ತೂಕ ಏರಲು ಬಿಡಬೇಡಿ. ವಾಕಿಂಗ್ ಸೂರ್ಯ ಹುಟ್ಟುವ ಮೊದಲೇ ಮುಗಿಯಲಿ. ನಾಯಿ ಜೋರಾಗಿ ತೇಕುತ್ತಾ, ಜೊಲ್ಲು ಸುರಿಸುತ್ತಾ, ನಾಲಿಗೆ ಕಡುಗೆಂಪಾಗಿ ಅಥವಾ ನೀಲಿಯಾಗಿ ಕುಸಿದರೆ ಮೊದಲು ಮೈಯೆಲ್ಲ ತಣ್ಣೀರು ಹೊಯ್ದು ಫ್ಯಾನ್ ಹಾಕಿ, ಆಮೇಲೆ ಹೊರಡಿ. ದಾರಿಯಲ್ಲೂ ಕಿಟಕಿ ತೆರೆದು ಗಾಳಿಗೆ ಹಿಡಿಯಿರಿ. ಒದ್ದೆ ಬಟ್ಟೆ ಹೊದಿಸಿ ಮುಚ್ಚಬೇಡಿ, ಬಿಸಿ ಒಳಗೇ ಉಳಿಯುತ್ತದೆ.