ದ ಸ್ಟ್ರೀಟ್ಸ್‌ನ ‘ಎ ಗ್ರ್ಯಾಂಡ್ ಡೋಂಟ್ ಕಮ್ ಫಾರ್ ಫ್ರೀ’ ಆಲ್ಬಮ್ ಅನ್ನು ವಿಮರ್ಶಕರು ಅಷ್ಟೊಂದು ಹೊಗಳಿದ್ದು ಯಾಕೆ? ನನಗೆ ಬರೀ ಮಾತಾಡಿದ ಹಾಗೆ ಕೇಳಿಸುತ್ತೆ

ನಾಲ್ಕು ಹಾಡು ಕೇಳಿ ಬಿಟ್ಟೆ, ಇದರಲ್ಲಿ ರ‍್ಯಾಪೂ ಇಲ್ಲ, ರಾಗವೂ ಇಲ್ಲ ಅಂತ ಬರೆದಿದ್ದೀರಿ. 2004ರಲ್ಲಿ ನಾನು ಇದೇ ಮಾತನ್ನು ಅಚ್ಚು ಹಾಕಿಸಿದ್ದೆ.

ಆಗ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಪಿಎಚ್.ಡಿ. ಮೊದಲ ವರ್ಷ. ದ ಸ್ಟ್ರೀಟ್ಸ್ ಅಂದರೆ ಮೈಕ್ ಸ್ಕಿನ್ನರ್ ಅನ್ನೋ ರ‍್ಯಾಪ್ ಹಾಡುಗಾರ, ಅದೇ ಊರಲ್ಲಿ ಬೆಳೆದವನು. 2002ರಲ್ಲಿ ಬಂದ ಅವನ ಮೊದಲ ಆಲ್ಬಮ್, ವರ್ಷದ ಅತ್ಯುತ್ತಮ ಆಲ್ಬಮ್‌ಗೆ ಬ್ರಿಟನ್ನಿನಲ್ಲಿ ಕೊಡುವ ಮರ್ಕ್ಯುರಿ ಪ್ರಶಸ್ತಿಯ ಪಟ್ಟಿ ಸೇರಿತ್ತು. ಹಾಗಾಗಿ 2004ರ ಮೇ ತಿಂಗಳಲ್ಲಿ ಎರಡನೆಯದಾದ ಈ ಆಲ್ಬಮ್ ಬಂದಾಗ ಊರಿಗೆಲ್ಲ ಅದೇ ಮಾತು. ವಿದ್ಯಾರ್ಥಿಗಳ ಪತ್ರಿಕೆಯೊಂದು ನನಗೆ ಅರ್ಧ ಪುಟ ಕೊಟ್ಟಿತು. ಚೆನ್ನಾಗಿ ಬರೆದರೆ ತಿಂಗಳಿಗೊಂದು ಅಂಕಣ ಅಂತ ಮಾತಾಗಿತ್ತು.

ಮನೆಯಲ್ಲಿ ಜೊತೆಗಿದ್ದ ಹುಡುಗ ಸಿಡಿ ಕೊಟ್ಟ. ನಾನು ಅದನ್ನು ಹಾಗೇ ಕೇಳಲಿಲ್ಲ. ನನ್ನ ಹತ್ತಿರ 128 ಎಂಬಿಯ ಪುಟ್ಟ ಎಂಪಿ3 ಪ್ಲೇಯರ್ ಇತ್ತು. ಅರ್ಧ ಜಾಗದಲ್ಲಿ ಊರಿನಿಂದ ತಂದ ಕನ್ನಡ ಹಾಡುಗಳು. ಉಳಿದ ಅರ್ಧಕ್ಕೆ ಈ ಹನ್ನೊಂದು ಹಾಡು ತುಂಬಿದೆ. ಫೈಲುಗಳಿಗೆ ಹೆಸರು ಕೊಟ್ಟೆ, ಮುಂದೆ ಒಂದು, ಎರಡು ಅಂತ ನಂಬರ್ ಹಾಕಲಿಲ್ಲ. ಆ ಪ್ಲೇಯರ್ ಎಬಿಸಿಡಿ ಪ್ರಕಾರ ಹಾಡು ನುಡಿಸುತ್ತಿತ್ತು.

ಇದರಿಂದ ಏನಾಯಿತು ನೋಡಿ. ಆಲ್ಬಮ್‌ನ ಮೊದಲ ಹಾಡು ‘ಇಟ್ ವಾಸ್ ಸಪೋಸ್ಡ್ ಟು ಬಿ ಸೋ ಈಸಿ’. ನನಗೆ ಅದು ಏಳನೆಯದಾಗಿ ಬಂತು. ಹುಡುಗಿ ಬಿಟ್ಟುಹೋಗುವ ‘ಡ್ರೈ ಯುವರ್ ಐಸ್’ ಹತ್ತನೆಯದು, ನನಗೆ ಮೂರನೆಯದು. ಕೊನೆಯ ‘ಎಂಪ್ಟಿ ಕ್ಯಾನ್ಸ್’ ಅದರ ಹಿಂದೆಯೇ ಬಂತು. ಇನ್ನೂ ಪರಿಚಯವೇ ಆಗದ ಹುಡುಗಿಗಾಗಿ ಒಬ್ಬ ಅಳುತ್ತಾನೆ, ಕಳೆದದ್ದೇ ಗೊತ್ತಿಲ್ಲದ ದುಡ್ಡು ಸಿಗುತ್ತೆ, ಆಮೇಲೆ ಜಗಳ, ಆಮೇಲೆ ಡಿವಿಡಿ ವಾಪಸ್ ಕೊಡೋಕೆ ಹೋಗ್ತಾನೆ. ನನಗೆ ತಲೆಬುಡ ಅರ್ಥವಾಗಲಿಲ್ಲ. ಅರ್ಥವಾಗದ್ದು ಹಾಡಿನ ತಪ್ಪು ಅಂದುಕೊಂಡೆ. ‘ತಾಳಕ್ಕೆ ಸಿಗದೆ ಗೊಣಗುತ್ತಾನೆ, ಕೊನೆಯಲ್ಲಿ ಎರಡು ಹಾಡನ್ನು ಒಂದಕ್ಕೊಂದು ಅಂಟಿಸಿದ್ದಾನೆ’ ಅಂತ ಬರೆದೆ. ಅಚ್ಚಾಯಿತು.

ಸಿಡಿ ಕೊಟ್ಟವನು ಅಡುಗೆಮನೆಯಲ್ಲಿ ಕೂತು ಅದನ್ನು ಪೂರ್ತಿ ಓದಿದ. ಒಂದೇ ಪ್ರಶ್ನೆ ಕೇಳಿದ: ‘ಟಿವಿ ಕೆಟ್ಟಿರೋದು ನಿನಗೆ ಗೊತ್ತಾ?’ ಯಾವ ಟಿವಿ ಅಂದೆ. ಅವನು ಮಾತಾಡದೆ ಸಿಡಿ ತಂದು ಅಲ್ಲಿದ್ದ ಪ್ಲೇಯರ್‌ಗೆ ಹಾಕಿದ. ಸುಮಾರು ಐವತ್ತು ನಿಮಿಷ ನಾವಿಬ್ಬರೂ ಏಳಲಿಲ್ಲ.

ಗ್ರ್ಯಾಂಡ್ ಅಂದರೆ ಅಲ್ಲಿನ ಆಡುಮಾತಿನಲ್ಲಿ ಸಾವಿರ ಪೌಂಡ್. ಒಬ್ಬ ಸಾಧಾರಣ ಹುಡುಗ ಕೂಡಿಟ್ಟ ಸಾವಿರ ಮೊದಲ ಹಾಡಲ್ಲೇ ಕಾಣೆಯಾಗುತ್ತೆ. ಅದೇ ದಿನ ಟಿವಿ ಕೆಡುತ್ತೆ, ಫೋನಿನ ಬ್ಯಾಟರಿ ಸಾಯುತ್ತೆ. ನಡುವೆ ಸಿಮೋನ್ ಅನ್ನೋ ಹುಡುಗಿ, ಫುಟ್‌ಬಾಲ್ ಬೆಟ್ಟಿಂಗು, ಗೆಳೆಯರ ಮೇಲೆ ಅನುಮಾನ. ಕೊನೆಯ ಹಾಡಲ್ಲಿ ಅವನು ಯಾರನ್ನೂ ನಂಬದೆ, ಟಿವಿ ರಿಪೇರಿಯವನ ಜೊತೆ ಹೊಡೆದಾಡುತ್ತಾನೆ. ಆಮೇಲೆ ಟೇಪು ಹಿಂದಕ್ಕೆ ಸುತ್ತುತ್ತೆ. ಅದೇ ಮಧ್ಯಾಹ್ನ ಮತ್ತೆ ಶುರು. ಈ ಸಲ ಗೆಳೆಯನ ಸಹಾಯಕ್ಕೆ ಹೂಂ ಅನ್ನುತ್ತಾನೆ. ದುಡ್ಡು ಎಲ್ಲಿತ್ತು ಅಂತ ನಾನು ಹೇಳಲ್ಲ. ‘ಅಂಟಿಸಿದ ಎರಡು ಹಾಡು’ ಅಂತ ನಾನು ಬರೆದದ್ದು ಇದನ್ನೇ. ಅಡುಗೆಮನೆಯಲ್ಲಿ ಆ ಭಾಗ ಬಂದಾಗ ಗೆಳೆಯನ ಮುಖ ನೋಡೋಕೆ ಆಗಲಿಲ್ಲ ನನಗೆ.

ಅಂಕಣ ಬೇರೆಯವರ ಪಾಲಾಯಿತು. ಅದು ನ್ಯಾಯವೇ. ಆ ಪತ್ರಿಕೆಯಲ್ಲಿ ನಾನು ಮತ್ತೆ ಬರೆಯಲಿಲ್ಲ.

ನಿಮ್ಮ ಪ್ರಶ್ನೆಯಲ್ಲೇ ಒಂದು ತಪ್ಪಿದೆ. ವಿಮರ್ಶಕರು ಒಂದು ಕಡೆ, ಕೇಳುಗರು ಇನ್ನೊಂದು ಕಡೆ ಅಂದುಕೊಂಡಿದ್ದೀರಿ. ಹಾಗಿರಲಿಲ್ಲ. ಆಲ್ಬಮ್ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಹೋಯಿತು. ಜುಲೈನಲ್ಲಿ ‘ಡ್ರೈ ಯುವರ್ ಐಸ್’ ಕೂಡ. ಜೂನ್ ಕೊನೆಯಲ್ಲಿ ಯೂರೋ ಕಪ್‌ನಲ್ಲಿ ಇಂಗ್ಲೆಂಡ್ ಪೋರ್ಚುಗಲ್‌ಗೆ ಪೆನಾಲ್ಟಿಯಲ್ಲಿ ಸೋತಿತ್ತು, ಆ ನೋವಿಗೂ ಜನ ಇದೇ ಹಾಡು ಹಚ್ಚಿಕೊಂಡರು. ಆ ವರ್ಷದ ಮರ್ಕ್ಯುರಿ ಪಟ್ಟಿಯಲ್ಲೂ ಆಲ್ಬಮ್ ಇತ್ತು, ಪ್ರಶಸ್ತಿ ಫ್ರಾಂಜ್ ಫರ್ಡಿನೆಂಡ್ ಅನ್ನೋ ರಾಕ್ ತಂಡಕ್ಕೆ ಹೋಯಿತು.

ತಾಳ ತಪ್ಪುತ್ತಾನೆ, ಹಾಡೋ ಕಡೆ ಶ್ರುತಿ ಸೇರಲ್ಲ ಅನ್ನೋ ದೂರು ಆಗಲೂ ಇತ್ತು. ‘ನಾಟ್ ಅಡಿಕ್ಟೆಡ್’ ಒಂದನ್ನೇ ಕೇಳಿದರೆ ನನಗೂ ಸಪ್ಪೆ. ಆದರೆ ಹರಿಕಥೆಗೆ ಕೂತವರು ದಾಸರು ಹಾಡಿಗಿಂತ ಮಾತೇ ಜಾಸ್ತಿ ಆಡಿದರು ಅಂತ ಎದ್ದು ಹೋಗ್ತಾರಾ? ಕಥೆ ಮುಂದೇನಾಯ್ತು ಅಂತ ಕೂತಿರ್ತಾರೆ, ಅಲ್ವಾ? ಸ್ಕಿನ್ನರ್ ಬಸ್ಸಿನಲ್ಲಿ ಪಕ್ಕ ಕೂತವನ ಹಾಗೆ ಮಾತಾಡ್ತಾನೆ. ಕೆಟ್ಟ ಟಿವಿಯ ಕಥೆಯನ್ನು ಇನ್ನು ಹೇಗೆ ಹೇಳಬೇಕು? ನನ್ನ ಮಟ್ಟಿಗೆ ಆ ಗೊಣಗಾಟವೇ ಆಲ್ಬಮ್‌ನ ಜೀವ.

ಹಿಟ್ ಹಾಡುಗಳನ್ನು ಆರಿಸಿ ಕೇಳಬೇಡಿ. ಹಾಡುಗಳ ಕ್ರಮ ಕಲಸಿಬಿಡುವ ಶಫಲ್ ಅಂತೂ ಮುಟ್ಟಲೇಬೇಡಿ. ಮಾತು ಅರ್ಥವಾಗದಿದ್ದರೆ ಸಾಹಿತ್ಯ ಪಕ್ಕದಲ್ಲಿಟ್ಟುಕೊಳ್ಳಿ, ಆ ಉಚ್ಚಾರಣೆ ಅಲ್ಲೇ ಇದ್ದ ನನಗೂ ಕಷ್ಟವಾಗಿತ್ತು. ಒಂದು ರಾತ್ರಿ ಮೊದಲಿನಿಂದ ಕೂತು ಕೇಳಿ. ಕೊನೆಯ ಹಾಡಿನ ನಡುವೆ ಟೇಪು ಹಿಂದಕ್ಕೆ ಸುತ್ತುವ ಸದ್ದು ಬಂದಾಗ ಮುಗೀತು ಅಂತ ಎದ್ದುಬಿಡಬೇಡಿ.