ನೆಲಮಾಳಿಗೆಗೆ ನಾಲ್ಕು ಸಿಲಿಂಡರ್ ಸಾಕೇ?

ಮಾನ್ಯರೇ, ಹಾಸನದ ನಿಮ್ಮ ವಸತಿ ಸಮುಚ್ಚಯದ 350 ಚದರ ಮೀಟರ್ ನೆಲಮಾಳಿಗೆಯಲ್ಲಿ ಹನ್ನೆರಡು ಕಾರು ನಿಲ್ಲುತ್ತವೆ, ಗೋಡೆಗೆ ಬೆಂಕಿ ನಂದಿಸುವ ನಾಲ್ಕು ಸಿಲಿಂಡರ್ ತೂಗುಹಾಕಿದರೆ ಸಾಲದೇ ಎಂದು ಕೇಳಿದ್ದೀರಿ. ಸಾಲದು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೆಯ ಭಾಗದ ಪ್ರಕಾರ, 200 ಚದರ ಮೀಟರ್ ಮೀರಿದ ನೆಲಮಾಳಿಗೆ ಪಾರ್ಕಿಂಗಿಗೆ ಸ್ವಯಂಚಾಲಿತ ಸ್ಪ್ರಿಂಕ್ಲರ್, ಅಂದರೆ ಬೆಂಕಿಯ ಬಿಸಿ ತಾಗಿದರೆ ತಾನಾಗಿಯೇ ನೀರು ಚಿಮ್ಮಿಸುವ ಚಾವಣಿಯ ಪೈಪು ವ್ಯವಸ್ಥೆ, ಬೇಕು.

ಆದರೆ ನನ್ನ ಮಟ್ಟಿಗೆ ಬೆಂಕಿಗಿಂತ ಹೊಗೆಯದೇ ದೊಡ್ಡ ಚಿಂತೆ. ಕಾರಿನ ಟೈರು, ಸೀಟಿನ ಫೋಮು ಹೊತ್ತಿದರೆ ಏಳುವ ಕಪ್ಪು ಹೊಗೆಗೆ ನೆಲದಡಿಯಲ್ಲಿ ಹೋಗಲು ಕಿಟಕಿಯಿರುವುದಿಲ್ಲವಾದ್ದರಿಂದ, ಅದು ಚಾವಣಿಯಡಿ ಹರಡಿ, ತೆರೆದ ಮೆಟ್ಟಿಲಿನ ಮೂಲಕ ನೇರವಾಗಿ ಮನೆಗಳತ್ತ ಏರುತ್ತದೆ. ಇದಕ್ಕಾಗಿಯೇ ಬೆಂಕಿಯ ಸಮಯದಲ್ಲಿ ಗಂಟೆಗೆ 12 ಬಾರಿ ಒಳಗಿನ ಗಾಳಿಯನ್ನು ಬದಲಿಸಬಲ್ಲ ಫ್ಯಾನುಗಳನ್ನೂ, ಮೆಟ್ಟಿಲಿಗೆ 120 ನಿಮಿಷ ಬೆಂಕಿ ತಡೆಯುವ ಬಾಗಿಲನ್ನೂ ಸಂಹಿತೆ ಕೇಳುತ್ತದೆ. ನಮ್ಮ ಕಟ್ಟಡದಲ್ಲಿ ಆ ಬಾಗಿಲಿತ್ತು. ಓಡಾಟಕ್ಕೆ ಅಡ್ಡವೆಂದು ಯಾರೋ ಅದಕ್ಕೊಂದು ಸೈಜುಗಲ್ಲು ಕೊಟ್ಟು ವರ್ಷವಿಡೀ ತೆರೆದೇ ಇಟ್ಟಿದ್ದರು!

ತೋಟದ ಕಾಫಿ ಮೂಟೆ, ಹಳೆಯ ಹಾಸಿಗೆ ಮುಂತಾದವನ್ನು ಅಲ್ಲಿ ಪೇರಿಸಲು ಬಿಡಬೇಡಿ. ಎಲೆಕ್ಟ್ರಿಕ್ ಸ್ಕೂಟರನ್ನು ಎಕ್ಸ್‌ಟೆನ್ಶನ್ ಬೋರ್ಡಿನಿಂದ ಚಾರ್ಜ್ ಮಾಡುವುದನ್ನಂತೂ ಇಂದೇ ನಿಲ್ಲಿಸಿ, ಪ್ರತ್ಯೇಕ ಲೈನು ಎಳೆಸಿ. ಪೈಪು ಹಾಕಿಸುವ ಮುನ್ನ ಮಂಜೂರಾದ ನಕ್ಷೆಯೊಂದಿಗೆ ಹಾಸನದ ಅಗ್ನಿಶಾಮಕ ಠಾಣೆಯಲ್ಲಿ ಒಮ್ಮೆ ವಿಚಾರಿಸಿ, ಸ್ಪ್ರಿಂಕ್ಲರಿಗೆ ಬೇಕಾದ ನೀರನ್ನು ಮನೆ ಬಳಕೆಯ ಸಂಪಿನಿಂದ ಬೇರೆಯಾಗಿಯೇ ಕಾದಿರಿಸಿ.