ಸ್ವಿಚ್ ಹಾಕಿದರೆ ಇಲಿ ಕಚ್ಚುತ್ತದೆ, ಸರಿ. ಆಮೇಲೆ?

ಓದುಗರ ಪತ್ರ: ಮೆದುಳಿನ ಒಂದು ಜಾಗಕ್ಕೆ ಬೆಳಕು ಬಿಟ್ಟ ಕೂಡಲೇ ಇಲಿ ಎದುರಿಗಿದ್ದ ಇಲಿಯ ಮೇಲೆ ಬೀಳುತ್ತದೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಓದಿದ ದಿನದಿಂದ ಮನಸ್ಸಿಗೆ ಸಮಾಧಾನ ಇಲ್ಲ. ನಾನು ಇಪ್ಪತ್ತೆರಡು ವರ್ಷದಿಂದ ಪಾಠ ಹೇಳುತ್ತಿದ್ದೇನೆ. ನನ್ನ ತರಗತಿಯಲ್ಲಿ ಒಬ್ಬ ಹುಡುಗ ಇದ್ದಾನೆ, ಮಾತು ಮಾತಿಗೂ ಬೇರೆ ಮಕ್ಕಳ ಮೇಲೆ ಕೈ ಎತ್ತುತ್ತಾನೆ. ಎಷ್ಟೋ ಸಲ ಪಕ್ಕದಲ್ಲಿ ಕೂರಿಸಿಕೊಂಡು ಬುದ್ಧಿ ಹೇಳಿದ್ದೇನೆ. ಎಲ್ಲವೂ ತಲೆಯೊಳಗಿನ ವೈರಿಂಗ್ ಅನ್ನುವುದಾದರೆ ನನ್ನ ಮಾತಿಗೆ ಬೆಲೆ ಏನು? ಇನ್ನು ಮೇಲೆ ಸುಮ್ಮನಿರುವುದೇ ಒಳ್ಳೆಯದಾ?

ಸಂಪಾದಕರ ಉತ್ತರ:

ಮೇಷ್ಟ್ರೇ, ನಿಮ್ಮ ಪತ್ರ ಓದಿ ನನಗೂ ಸಮಾಧಾನ ಹೋಯಿತು. ದಯವಿಟ್ಟು ಸುಮ್ಮನಿರಬೇಡಿ. ಇಪ್ಪತ್ತೆರಡು ವರ್ಷದ ಕೆಲಸವನ್ನು ಒಂದು ಇಲಿಯ ಕಥೆ ಓದಿ ಕೈಬಿಡುತ್ತೇನೆ ಅನ್ನುತ್ತೀರಲ್ಲ, ಅದು ನಿಮಗೆ ಒಪ್ಪುವ ಮಾತಲ್ಲ. ಆದರೆ ಅರ್ಧ ತಪ್ಪು ನಮ್ಮದು. ನಾವು ಆ ಕಥೆಯನ್ನು ಅರ್ಧ ಮಾತ್ರ ಹೇಳಿದ್ದೆವು.

ಮೊದಲು ಒಪ್ಪಬೇಕಾದ್ದನ್ನು ಒಪ್ಪಿಬಿಡೋಣ. ನರಕೋಶಗಳ ಜಾಲ, ಅಂದರೆ ಸರ್ಕ್ಯೂಟ್, ನಡವಳಿಕೆಯನ್ನು ನಡೆಸುತ್ತದೆ ಅನ್ನುವುದು ನಿಜ. ಅದು ಕೆಟ್ಟರೆ ನಡವಳಿಕೆಯೂ ಕೆಡುತ್ತದೆ. 1987ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಬೆನಾಬಿಡ್ ಅವರ ತಂಡ ಮೆದುಳಿನ ಆಳಕ್ಕೆ ಸಣ್ಣ ತಂತಿ ಇಳಿಸಿ, ಒಂದೇ ಸಮನೆ ವಿದ್ಯುತ್ ಮಿಡಿತ ಕೊಟ್ಟು, ಕೈ ನಡುಕ ನಿಲ್ಲಿಸಬಹುದು ಎಂದು ತೋರಿಸಿತು. ಇವತ್ತು ಪಾರ್ಕಿನ್ಸನ್ ರೋಗಿಗಳಿಗೆ ಅದು ದೊಡ್ಡ ಆಸರೆ. ಇದನ್ನು ಕಡಿಮೆ ಮಾಡಿ ಹೇಳುವ ಉದ್ದೇಶ ನನಗಿಲ್ಲ.

ಈಗ ನಿಮ್ಮ ಇಲಿಗೆ ಬರೋಣ. ಆ ಪ್ರಯೋಗ ನಡೆದದ್ದು ಅಮೆರಿಕದ ಕ್ಯಾಲ್ಟೆಕ್ ವಿಶ್ವವಿದ್ಯಾಲಯದಲ್ಲಿ, ಪ್ರಕಟವಾದದ್ದು 2011ರಲ್ಲಿ. ದಾಯು ಲಿನ್ ಮತ್ತು ಡೇವಿಡ್ ಆಂಡರ್ಸನ್ ಅವರ ತಂಡದ ಕೆಲಸ. ಬೆಳಕಿಗೆ ಸ್ಪಂದಿಸುವ ಒಂದು ಪ್ರೋಟೀನನ್ನು ಹಸಿರು ಪಾಚಿಯಿಂದ ತಂದು ಇಲಿಯ ಮೆದುಳಿನ ಬುಡದಲ್ಲಿರುವ ಹೈಪೊಥಲಾಮಸ್ ಎಂಬ ಭಾಗದ ಒಂದು ಪುಟ್ಟ ಜಾಗದ ನರಕೋಶಗಳಲ್ಲಿ ಕೂರಿಸಿದರು. ಬೆಳಕು ಬಿಟ್ಟರು. ಗಂಡಿಲಿ ಎದುರಿದ್ದ ಇಲಿಯ ಮೇಲೆ ಬಿತ್ತು. ಗಾಳಿ ತುಂಬಿದ ಕೈಗವಸನ್ನೂ ಬಿಡದೆ ಕಚ್ಚಿತು. ಇಷ್ಟನ್ನು ನಾವು ಬರೆದೆವು, ನೀವು ಓದಿದಿರಿ.

ನಾವು ಬರೆಯದೇ ಬಿಟ್ಟದ್ದು ಇದು. ಅದೇ ಇಲಿ ಹೆಣ್ಣಿನ ಜೊತೆ ಕೂಡುತ್ತಿರುವಾಗ ಅದೇ ಬೆಳಕು ಬಿಟ್ಟರೆ ಅದನ್ನು ಜಗಳಕ್ಕೆ ಎಬ್ಬಿಸುವುದು ಅಷ್ಟು ಸುಲಭ ಆಗಲಿಲ್ಲ. ತಂತಿ ಅದೇ, ಬೆಳಕು ಅದೇ, ಸ್ವಿಚ್ ಅದೇ. ಇಲಿ ಆ ಹೊತ್ತಿನಲ್ಲಿ ಏನು ಮಾಡುತ್ತಿದೆ ಅನ್ನುವುದು ಮಾತ್ರ ಬೇರೆ. 2014ರಲ್ಲಿ ಅದೇ ಪ್ರಯೋಗಾಲಯದವರು ಇನ್ನೊಂದು ವಿಷಯ ಕಂಡರು. ಅಲ್ಲಿನ ಒಂದು ಬಗೆಯ ನರಕೋಶಗಳನ್ನು ಮೆಲ್ಲಗೆ ಎಬ್ಬಿಸಿದರೆ ಇಲಿ ಎದುರಿನ ಇಲಿಯ ಬೆನ್ನೇರಲು ನೋಡುತ್ತದೆ, ಜೋರಾಗಿ ಎಬ್ಬಿಸಿದರೆ ಕಚ್ಚುತ್ತದೆ. ಹಾಗಾದರೆ ಆ ಜಾಗಕ್ಕೆ 'ಸಿಟ್ಟಿನ ಕೇಂದ್ರ' ಅಂತ ಹೆಸರಿಡುವುದು ಸರಿಯಾ?

ಮೇಷ್ಟ್ರಾದ ನೀವು ಗಮನಿಸಲೇಬೇಕಾದ ಮಾತು 2017ರಲ್ಲಿ ಬಂತು. ಆ ಜಾಗದ ನರಕೋಶಗಳು ಗಂಡಿಲಿ ಎದುರು ಬಂದಾಗ ಒಂದು ರೀತಿ ಮಿಡಿಯುತ್ತವೆ, ಹೆಣ್ಣಿಲಿ ಬಂದಾಗ ಬೇರೆ ರೀತಿ. ಆದರೆ ಬೆಳೆದ ಮೇಲೆ ಬೇರೆ ಇಲಿಗಳ ಒಡನಾಟದ, ಕೂಡುವ ಅನುಭವ ಇನ್ನೂ ಆಗದ ಗಂಡಿಲಿಯಲ್ಲಿ ಈ ಎರಡೂ ಕಲಸಿಹೋಗಿದ್ದವು. ಯಾರ ಜೊತೆ ಹೇಗಿರಬೇಕು ಅನ್ನುವ ವ್ಯತ್ಯಾಸ ಒಡನಾಟದಿಂದ ಬಂತು. ಸರ್ಕ್ಯೂಟ್ ಮೊದಲೇ ಇತ್ತು, ಅದಕ್ಕೆ ಪಾಠ ಆಗಿರಲಿಲ್ಲ. ನೀವು ಆ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡಿರಲ್ಲ, ಅದು ಅವನ ತಲೆಯ ಹೊರಗೇ ಉಳಿಯಿತು ಅಂದುಕೊಂಡಿದ್ದೀರಾ? ಇಲಿಯ ವಿಷಯದಲ್ಲೇ ಹಾಗಾಗದಿರುವಾಗ ಮಗುವಿನ ವಿಷಯದಲ್ಲಿ ಹೇಗಾಗುತ್ತದೆ?

ವೈರಿಂಗ್ ಅನ್ನುವ ಪದದ ಮೇಲೆ ನನಗೆ ಹಳೆಯ ಕೋಪ ಇದೆ. ಗೋಡೆಯೊಳಗಿನ ವೈರು ಎಳೆದ ಹಾಗೇ ಇರುತ್ತದೆ. ಫ್ಯಾನಿಗೆ ಎಳೆದದ್ದು ಫ್ಯಾನಿಗೆ, ದೀಪಕ್ಕೆ ಎಳೆದದ್ದು ದೀಪಕ್ಕೆ. ಪ್ರಾಣಿಯ ಒಳಗಿನ ವೈರು ಹಾಗಿಲ್ಲ. ಈವ್ ಮಾರ್ಡರ್ ಅನ್ನುವ ವಿಜ್ಞಾನಿ ದಶಕಗಳ ಕಾಲ ಒಂದೇ ವಸ್ತುವಿನ ಮುಂದೆ ಕೂತರು: ಏಡಿ ಮತ್ತು ಲಾಬ್‌ಸ್ಟರ್‌ಗಳ ಹೊಟ್ಟೆಯನ್ನು ಆಡಿಸುವ ಒಂದು ಪುಟ್ಟ ನರಗಂಟು. ಅದರಲ್ಲಿರುವುದು ಸುಮಾರು 30 ನರಕೋಶ. ಯಾವುದು ಯಾವುದಕ್ಕೆ ಜೋಡಿಸಿದೆ ಎಂದು ಪೂರ್ತಿ ಗೊತ್ತು. ಆದರೂ ಅದರ ಮೇಲೆ ಒಂದು ರಾಸಾಯನಿಕ ಹನಿಸಿದರೆ ಒಂದು ಲಯ, ಇನ್ನೊಂದು ಹನಿಸಿದರೆ ಬೇರೆ ಲಯ. ಈ ಗುಂಪಿನ ನರಕೋಶ ಆ ಗುಂಪಿನ ಜೊತೆ ಸೇರಿ ಹಾಡುತ್ತದೆ. ಇನ್ನೂ ಒಂದು ವಿಚಿತ್ರ ಇದೆ. 2004ರಲ್ಲಿ ಅವರ ತಂಡ ಕಂಪ್ಯೂಟರಿನಲ್ಲಿ ಈ ಜಾಲದ ಎರಡು ಕೋಟಿಗೂ ಹೆಚ್ಚು ಮಾದರಿ ಕಟ್ಟಿ ನೋಡಿತು. ಒಳಗಿನ ಲೆಕ್ಕ ಒಂದಕ್ಕೊಂದು ಸಂಬಂಧವೇ ಇಲ್ಲದ ಮಾದರಿಗಳು ಹೊರಗೆ ಹೆಚ್ಚುಕಡಿಮೆ ಅದೇ ಲಯ ಕೊಟ್ಟವು. ಅಂದರೆ ತಂತಿ ನೋಡಿ ತಾಳ ಹೇಳಲಾಗದು, ತಾಳ ಕೇಳಿ ತಂತಿಯನ್ನೂ ಹೇಳಲಾಗದು. ಮೂವತ್ತೇ ನರಕೋಶಕ್ಕೆ ಹೀಗಾದರೆ, ಮನುಷ್ಯನ ಮೆದುಳಿನಲ್ಲಿರುವುದು ಸುಮಾರು 8,600 ಕೋಟಿ.

ಹುಳುವಿನ ಕಥೆಯೂ ಇದೇ. ಸಿ. ಎಲಿಗನ್ಸ್ ಎಂಬ ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ 302 ನರಕೋಶ. ಅದರ ಪೂರ್ತಿ ನಕ್ಷೆ 1986ರಲ್ಲೇ ಸಿಡ್ನಿ ಬ್ರೆನ್ನರ್ ಅವರ ಬಳಗದಿಂದ ಬಂತು. ಎಷ್ಟು ತಾಳ್ಮೆಯ ಕೆಲಸ ಗೊತ್ತಾ, ಹುಳುವನ್ನು ಕೂದಲಿಗಿಂತ ಎಷ್ಟೋ ತೆಳ್ಳಗೆ ಸೀಳಿ, ಒಂದೊಂದು ಸೀಳಿನ ಚಿತ್ರ ತೆಗೆದು, ಕೈಯಿಂದ ಗೆರೆ ಹಿಂಬಾಲಿಸಿದರು. ಆ ನಕ್ಷೆ ಇಟ್ಟುಕೊಂಡು ಮುಂದಿನ ನಿಮಿಷ ಹುಳು ಎತ್ತ ತಿರುಗುತ್ತದೆ ಎಂದು ಇವತ್ತಿಗೂ ಹೇಳಲಾಗುತ್ತಿಲ್ಲ. ಹಸಿದ ಹುಳು ಬೇರೆ, ಹೊಟ್ಟೆ ತುಂಬಿದ ಹುಳು ಬೇರೆ. ನಕ್ಷೆ ಇಬ್ಬರದೂ ಒಂದೇ. 2024ರಲ್ಲಿ ಹಣ್ಣಿನ ನೊಣದ ಇಡೀ ಮೆದುಳಿನ ನಕ್ಷೆ ಬಂದಾಗ, 1,39,255 ನರಕೋಶಗಳ ಆ ಚಿತ್ರ ನೋಡಿ ನಾನೂ ಬೆರಗಾದೆ. ಆದರೆ ಊರಿನ ರಸ್ತೆಗಳ ನಕ್ಷೆ ಕೈಗೆ ಸಿಕ್ಕಿದ ಮಾತ್ರಕ್ಕೆ ಇವತ್ತು ಯಾರು ಯಾರ ಮನೆಗೆ ಹೋಗುತ್ತಾರೆ ಎಂದು ಗೊತ್ತಾಗುವುದಿಲ್ಲ ಅಲ್ವಾ?

ಇನ್ನೊಂದು ಪ್ರಾಣಿಯ ಮಾತು ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಕ್ರೇಫಿಶ್ ಅಂತ, ಸಿಗಡಿಯ ಕಡೆಯ ಬಂಧು, ಸಿಹಿನೀರಿನಲ್ಲಿರುತ್ತದೆ. ಅಪಾಯ ಬಂದರೆ ಬಾಲ ಬಡಿದು ಹಿಂದಕ್ಕೆ ಚಿಮ್ಮುತ್ತದೆ. ಈ ಚಿಮ್ಮುವಿಕೆಗೆ ದೊಡ್ಡ ನರಕೋಶಗಳಿವೆ, ಪಠ್ಯದಲ್ಲಿ ಬರುವಷ್ಟು ಹೆಸರಾದ ಸರ್ಕ್ಯೂಟ್ ಅದು. 1996ರಲ್ಲಿ ಡೊನಾಲ್ಡ್ ಎಡ್ವರ್ಡ್ಸ್ ಅವರ ಬಳಗ ಆ ನರಕೋಶಕ್ಕೆ ಸೆರಟೋನಿನ್ ಎಂಬ, ನರಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕ ಹಾಕಿ ನೋಡಿತು. ಜಗಳದಲ್ಲಿ ಗೆದ್ದು ಯಜಮಾನನಾದ ಪ್ರಾಣಿಯಲ್ಲಿ ಅದು ನರಕೋಶವನ್ನು ಚುರುಕು ಮಾಡಿತು. ಸೋತು ಬದಿಗೆ ಸರಿದ ಪ್ರಾಣಿಯಲ್ಲಿ ಅದೇ ಸೆರಟೋನಿನ್ ಅದೇ ನರಕೋಶವನ್ನು ತಗ್ಗಿಸಿತು. ಸೋತವನನ್ನು ಬೇರೆ ಇಟ್ಟರೆ ಪರಿಣಾಮ ತಿರುಗಿತು. ಯೋಚಿಸಿ ನೋಡಿ. ಗುಂಪಿನಲ್ಲಿ ತನ್ನ ಜಾಗ ಎಲ್ಲಿ ಅನ್ನುವುದು ಒಂದು ನರಕೋಶದ ಒಳಗಿನವರೆಗೂ ಇಳಿದಿದೆ. ನಿಮ್ಮ ಹುಡುಗ ತರಗತಿಯಲ್ಲಿ ಎಲ್ಲಿ ಕೂರುತ್ತಾನೆ, ಯಾರು ಅವನನ್ನು ಆಟಕ್ಕೆ ಕರೆಯುತ್ತಾರೆ, ಯಾರು ಕರೆಯುವುದಿಲ್ಲ, ಮನೆಯಲ್ಲಿ ಅವನ ಮೇಲೆ ಯಾರು ಕೈ ಎತ್ತುತ್ತಾರೆ? ಮಗು ಕ್ರೇಫಿಶ್ ಅಲ್ಲ, ಒಪ್ಪುತ್ತೇನೆ. ಆದರೆ ವೈರಿಂಗ್ ಮೇಲೆ ಹಾಕಿ ಕೈತೊಳೆದುಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆಗಳು ಇವು.

ನನ್ನ ಸೋದರಮಾವನಿಗೆ ಪಾರ್ಕಿನ್ಸನ್ ಇತ್ತು. ಕೊನೆಯ ವರ್ಷಗಳಲ್ಲಿ ಬಾಗಿಲ ಹತ್ತಿರ ಬಂದರೆ ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಡುತ್ತಿದ್ದರು. ತಳ್ಳಿದರೆ ಬೀಳುತ್ತಾರೆ, ಎಳೆದರೂ ಬೀಳುತ್ತಾರೆ. ಒಬ್ಬ ವೈದ್ಯರು ತಲೆ ಎತ್ತಿಯೂ ನೋಡದೆ 'ಡೋಪಮಿನ್ ಕೋಶ ಸತ್ತಿವೆ, ಇನ್ನೇನು ಮಾಡಕ್ಕಾಗುತ್ತೆ' ಅಂದರು. ಅವರು ಹೇಳಿದ್ದು ವಿಜ್ಞಾನದ ಪ್ರಕಾರ ಸುಳ್ಳಲ್ಲ. ಆದರೆ ಮಾವನ ಮುಖ ಆ ದಿನ ಹೇಗಾಯಿತು ಅನ್ನುವುದು ನನಗಿನ್ನೂ ನೆನಪಿದೆ. ಮುಂದಿನ ತಿಂಗಳು ಒಬ್ಬ ಫಿಸಿಯೋಥೆರಪಿಸ್ಟ್ ಮನೆಗೆ ಬಂದರು. ಅರ್ಧ ಗಂಟೆ ಏನೂ ಮಾಡಲಿಲ್ಲ, ಸುಮ್ನೆ ಮಾವ ನಡೆಯುವುದನ್ನು ನೋಡಿದರು. ಆಮೇಲೆ ನೆಲದ ಮೇಲೆ ಒಂದೊಂದು ಹೆಜ್ಜೆ ದೂರಕ್ಕೆ ಬಿಳಿ ಟೇಪು ಅಂಟಿಸಿ, 'ಗೆರೆ ದಾಟಿ' ಅಂದರು. ಮಾವ ದಾಟಿದರು! ಬಾಗಿಲನ್ನೂ ದಾಟಿದರು. ನಾವೆಲ್ಲ ಅತ್ತುಬಿಟ್ಟೆವು.

ಇದರಲ್ಲಿ ಮಾಯ ಇಲ್ಲ. ತಾನಾಗಿ ಹೆಜ್ಜೆ ಶುರು ಮಾಡುವ ದಾರಿ ಕೆಟ್ಟಿರುತ್ತದೆ, ಕಣ್ಣಿಗೆ ಕಂಡದ್ದಕ್ಕೆ ಹೆಜ್ಜೆ ಹಾಕುವ ದಾರಿ ಇನ್ನೂ ಉಳಿದಿರುತ್ತದೆ. ಈ ರೋಗ ಗೊತ್ತಿರುವವರಿಗೆಲ್ಲ ಈ ಉಪಾಯ ಗೊತ್ತು. ಸತ್ತ ಕೋಶ ಸತ್ತೇ ಇತ್ತು, ನೆಲದ ಮೇಲಿನ ಗೆರೆ ಮಾತ್ರ ಹೊಸದು.

ಈ ಅರ್ಧ ಗಂಟೆ ಸುಮ್ನೆ ನೋಡುವ ಕೆಲಸಕ್ಕೆ ಈಗ ಮರ್ಯಾದೆ ಕಡಿಮೆಯಾಗಿದೆ ಅನ್ನುವುದೇ ನನ್ನ ದೊಡ್ಡ ನೋವು. 1973ರಲ್ಲಿ ಕಾರ್ಲ್ ಫಾನ್ ಫ್ರಿಶ್, ಲೊರೆಂಝ್, ಟಿನ್‌ಬರ್ಗೆನ್ ಮೂವರಿಗೆ ನೊಬೆಲ್ ಕೊಟ್ಟರು. ಮೂವರೂ ಹೆಸರು ಮಾಡಿದ್ದು ಪ್ರಾಣಿಗಳನ್ನು ನೋಡಿ ನೋಡಿ. ಟಿನ್‌ಬರ್ಗೆನ್ ಕಿಟಕಿಯ ಪಕ್ಕದ ತೊಟ್ಟಿಯಲ್ಲಿ ಸ್ಟಿಕಲ್‌ಬ್ಯಾಕ್ ಮೀನು ಸಾಕಿದ್ದರು. ಹೊರಗೆ ಕೆಂಪು ಅಂಚೆ ವ್ಯಾನು ಹೋದಾಗಲೆಲ್ಲ ಗಂಡು ಮೀನುಗಳು ಅದರ ಮೇಲೆ ಬೀಳಲು ಹೋಗುತ್ತಿದ್ದವು. ಆ ಜಾತಿಯ ಗಂಡಿಗೆ ಮರಿ ಮಾಡುವ ಕಾಲದಲ್ಲಿ ಹೊಟ್ಟೆ ಕೆಂಪಾಗುತ್ತದೆ. ಎದುರಾಳಿ ಅಂದರೆ ಕೆಂಪು. ಮೊದಲು ಇಂಥದ್ದನ್ನು ಕಣ್ಣಿಂದ ಕಾಣಬೇಕು, ಆಮೇಲೆ ತಲೆ ತೆರೆದು ಯಾವ ನರಕೋಶ ಎಂದು ಹುಡುಕಬೇಕು. ಈಗ ಎಷ್ಟೋ ಕಡೆ ಉಲ್ಟಾ ನಡೆಯುತ್ತಿದೆ.

ಉಲ್ಟಾ ಮಾಡಿದರೆ ಏನಾಗುತ್ತದೆ ಎಂದು 2017ರಲ್ಲಿ ಜೋನಸ್ ಮತ್ತು ಕೋರ್ಡಿಂಗ್ ತೋರಿಸಿದರು. ಹಳೆಯ ವಿಡಿಯೋ ಗೇಮುಗಳ ಕಾಲದ 6502 ಎಂಬ ಚಿಪ್ ತೆಗೆದುಕೊಂಡರು. ಅದರಲ್ಲಿ 3,510 ಟ್ರಾನ್ಸಿಸ್ಟರ್. ಕಂಪ್ಯೂಟರಿನಲ್ಲೇ ಅದನ್ನು ಕಟ್ಟಿ, ಒಂದೊಂದೇ ಟ್ರಾನ್ಸಿಸ್ಟರ್ ಕೆಡಿಸಿ ನೋಡಿದರು, ನರವಿಜ್ಞಾನಿಗಳು ಮೆದುಳಿಗೆ ಮಾಡುವ ಹಾಗೇ. ಕೆಲವನ್ನು ಕೆಡಿಸಿದರೆ ಡಾಂಕಿ ಕಾಂಗ್ ಆಟ ಮಾತ್ರ ನಿಂತಿತು, ಉಳಿದ ಆಟಗಳು ಓಡಿದವು. ಹಾಗಾದರೆ ಅದು ಡಾಂಕಿ ಕಾಂಗಿನ ಟ್ರಾನ್ಸಿಸ್ಟರಾ? ಖಂಡಿತ ಅಲ್ಲ. ಅದು ಎಲ್ಲೋ ಸಣ್ಣ ಲೆಕ್ಕ ಮಾಡುವ ಒಂದು ಚೂರು, ಅಷ್ಟೇ.

ಆದರೆ ಪತ್ರಿಕೆಯವರು ನಾವು ಏನು ಬರೆಯುತ್ತೇವೆ? 'ಪ್ರೀತಿಯ ಕೇಂದ್ರ ಪತ್ತೆ', 'ಸಿಟ್ಟಿನ ಸ್ವಿಚ್ ಸಿಕ್ಕಿತು'. ಇದು ಹಳೆಯ ಚಾಳಿ. 1963ರಲ್ಲಿ ಹೋಸೆ ಡೆಲ್ಗಾಡೊ ಸ್ಪೇನಿನ ಕಾರ್ಡೊಬಾದಲ್ಲಿ ಮೈಮೇಲೆ ನುಗ್ಗಿ ಬರುತ್ತಿದ್ದ ಗೂಳಿಯನ್ನು ರೇಡಿಯೋ ಗುಂಡಿ ಒತ್ತಿ ನಿಲ್ಲಿಸಿದರು. ಗೂಳಿಯ ಸಿಟ್ಟೇ ಇಳಿಯಿತು ಎಂದು ಪತ್ರಿಕೆಗಳು ಹಿಗ್ಗಿದವು. ತಂತಿ ಇದ್ದದ್ದು ಚಲನೆಗೆ ಸಂಬಂಧಪಟ್ಟ ಜಾಗದಲ್ಲಿ, ಗೂಳಿ ಬಲವಂತಕ್ಕೆ ಪಕ್ಕಕ್ಕೆ ತಿರುಗಿತು ಅಷ್ಟೇ ಎಂದು ಬೇರೆ ವಿಜ್ಞಾನಿಗಳು ಹೇಳಿದ್ದು ಮಾತ್ರ ಅಷ್ಟು ದೂರ ಹೋಗಲೇ ಇಲ್ಲ. ಪ್ರೀತಿಯ ಹಾರ್ಮೋನು ಎಂದು ಆಕ್ಸಿಟೋಸಿನ್ ಬಗ್ಗೆ ಎಷ್ಟು ಬರೆದೆವು. ಜೋಡಿ ಕಟ್ಟಿ ಬಾಳುವ ಪ್ರೇರಿ ವೋಲ್ ಎಂಬ ಇಲಿಯಂಥ ಪ್ರಾಣಿ ಅದಕ್ಕೆ ಉದಾಹರಣೆ ಆಗಿತ್ತು. 2023ರಲ್ಲಿ ಆಕ್ಸಿಟೋಸಿನ್ ಹಿಡಿಯುವ ಗ್ರಾಹಕ ಪ್ರೋಟೀನೇ ಇಲ್ಲದ ವೋಲ್‌ಗಳನ್ನು ಬೆಳೆಸಿ ನೋಡಿದರೆ ಅವೂ ಜೋಡಿ ಕಟ್ಟಿದವು. ಈ ಸುದ್ದಿಗೆ ಮೊದಲಿನ ಸುದ್ದಿಯಷ್ಟು ಜಾಗ ಎಲ್ಲಿ ಸಿಕ್ಕಿತು?

ಇದನ್ನೇ ಬಂಡವಾಳ ಮಾಡಿಕೊಂಡವರು ಬೇರೆ ಇದ್ದಾರೆ. ಮಗುವಿನ ಬೆರಳಚ್ಚು ತೆಗೆದು ಎಡ ಮೆದುಳೋ ಬಲ ಮೆದುಳೋ ಹೇಳುತ್ತೇವೆ ಎಂಬ ಜಾಹೀರಾತು ನಮ್ಮ ಕಚೇರಿಗೂ ಬಂದಿತ್ತು. ಒಳ್ಳೆಯ ಹಣ ಕೊಡುತ್ತೇವೆ ಅಂದರು. ಹಾಕಲಿಲ್ಲ, ಮುಂದೆಯೂ ಹಾಕುವುದಿಲ್ಲ. ಎಂಟು ವರ್ಷದ ಮಗುವಿಗೆ 'ನಿನ್ನ ಮೆದುಳು ಇಂಥದ್ದು, ಗಣಿತ ನಿನಗಲ್ಲ' ಎಂದು ಕಾಗದದ ಮೇಲೆ ಬರೆದುಕೊಡುವುದು ಕ್ರೌರ್ಯ. ಮೇಷ್ಟ್ರೇ, ಬೇಜಾರು ಮಾಡಿಕೊಳ್ಳಬೇಡಿ, ನೀವು ಆ ಹುಡುಗನ ಬಗ್ಗೆ 'ವೈರಿಂಗ್' ಎಂದು ಬರೆದಾಗ ನನಗೆ ಆ ಕಾಗದವೇ ನೆನಪಾಯಿತು. ನಿಮ್ಮ ಉದ್ದೇಶ ಅದಲ್ಲ ಎಂದು ಗೊತ್ತು. ಅಷ್ಟು ಕಾಳಜಿ ಇಲ್ಲದವರು ಸಂಪಾದಕರಿಗೆ ಪತ್ರ ಬರೆಯುತ್ತಾ ಕೂರುವುದಿಲ್ಲ.

ಹಾಗಾಗಿ ಒಂದು ಕೋರಿಕೆ. ಒಂದು ತಿಂಗಳು ಒಂದು ಪುಟ್ಟ ಪುಸ್ತಕ ಜೊತೆಗಿಟ್ಟುಕೊಳ್ಳಿ. ಅವನು ಕೈ ಎತ್ತಿದ ಪ್ರತಿ ಸಲ, ಅದಕ್ಕೆ ಮೊದಲಿನ ಐದು ನಿಮಿಷ ಏನಾಗಿತ್ತು ಬರೆಯಿರಿ. ಊಟಕ್ಕೆ ಮುಂಚೆಯೋ ಆಮೇಲೋ, ರಾತ್ರಿ ನಿದ್ದೆ ಆಗಿತ್ತಾ, ಪಕ್ಕದಲ್ಲಿ ಯಾರಿದ್ದರು, ಯಾರು ನಕ್ಕರು. ಅವನು ಕೈ ಎತ್ತಬಹುದಾಗಿದ್ದೂ ಎತ್ತದೆ ಬಿಟ್ಟ ಸಲವನ್ನೂ ತಪ್ಪದೆ ಬರೆಯಿರಿ. ಅವನ ಹೆಸರು, ಗುರುತು ಏನೂ ಬೇಡ, ಉಳಿದದ್ದನ್ನು ನಮಗೆ ಕಳಿಸಿ. ಇಲಿಯ ಪ್ರಯೋಗದಲ್ಲಿ ನಾವು ಬಿಟ್ಟುಬಿಟ್ಟ ಅರ್ಧವನ್ನು ಮುಂದಿನ ಸಂಚಿಕೆಯಲ್ಲಿ, ಮೊದಲಿನ ಲೇಖನ ಬಂದಿದ್ದ ಪುಟದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ ಹಾಕುತ್ತೇವೆ.